ಗೋಪುರಕ್ಕೆ ಲೆಕ್ಕವಿಲ್ಲ, ನಮ್ಮ ಬಸ್ಸಿಗೆ ತಲೆ ಎಣಿಕೆ



ಕಲಬುರಗಿಯಿಂದ ಸೇಡಂಗೆ ಹೋಗುವ ದಾರಿಯಲ್ಲೇ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಇದೆ. 2008ರಲ್ಲಿ ಅಡಿಗಲ್ಲು, 2019ರ ನವೆಂಬರ್ 22ರಂದು ಉದ್ಘಾಟನೆ. ನಡುವಿನ ಹನ್ನೊಂದು ವರ್ಷದ ಕತಿ ಬಿಡ್ರಿ. ಅಲ್ಲೊಂದು ಗೋಪುರ ಇದೆ. ಯಾವ ವಿಮಾನ ಯಾವಾಗ ಇಳಿಯಬೇಕು, ಯಾವಾಗ ಏರಬೇಕು ಎಂದು ಹೇಳುವವರು ಅದರೊಳಗೆ ಕೂತಿರುತ್ತಾರೆ. ಏರ್ ಟ್ರಾಫಿಕ್ ಕಂಟ್ರೋಲ್ ಅಂತಾರೆ. ಇವತ್ತಿನ ನಮ್ಮ ಮಾತು ಆ ಗೋಪುರದ್ದು.

ಗೋಪುರದ ಖರ್ಚಿನ ರೀತಿಯೇ ಬೇರೆ. ದಿನಕ್ಕೆ ಒಂದು ವಿಮಾನ ಬರಲಿ, ಹತ್ತು ಬರಲಿ, ಅಲ್ಲಿ ಕಲಿತ ಮನುಷ್ಯರು ಬೇಕೇ ಬೇಕು. ರೇಡಿಯೋ ಬೇಕು, ಹವೆ ನೋಡುವ ಯಂತ್ರ ಬೇಕು, ಕೆಳಗೆ ಬೆಂಕಿ ಆರಿಸುವ ಗಾಡಿ ನಿಂತಿರಬೇಕು. ದೊಡ್ಡ ನಿಲ್ದಾಣಗಳು ಕಂಪನಿಗಳಿಂದ ಶುಲ್ಕ ವಸೂಲು ಮಾಡಿ ಇದನ್ನು ತುಂಬಿಕೊಳ್ಳುತ್ತವೆ. ಸಣ್ಣದಕ್ಕೆ ಅದು ಆಗದು. 2016ರ ಉಡಾನ್ ಯೋಜನೆಯಲ್ಲಂತೂ ಇಳಿಯುವಾಗ ದಾರಿ ತೋರಿಸುವ ಶುಲ್ಕವೇ ಮಾಫಿ. ಮೇಲೆ ಕಂಪನಿಯ ನಷ್ಟ ತುಂಬಲು ಮೂರು ವರ್ಷ ಅನುದಾನ, ಅದರಲ್ಲಿ ನೂರಕ್ಕೆ 20 ಪಾಲು ರಾಜ್ಯದ್ದು. ಪೊಲೀಸು, ಅಗ್ನಿಶಾಮಕ ರಾಜ್ಯ ಪುಕ್ಕಟೆ ಕೊಡಬೇಕು. ಮೂರು ವರ್ಷ ಮುಗಿಯಿತೋ, ಕಂಪನಿ ಗಂಟು ಕಟ್ಟಬಹುದು. ಬೀದರಿನಲ್ಲಿ 2020ರಲ್ಲಿ ಸುರುವಾದ ವಿಮಾನ 2023ರ ಕೊನೆಗೆ ನಿಂತಿತು, ಮತ್ತೆ ಹಾರಿದ್ದು 2025ರ ಏಪ್ರಿಲ್‌ನಲ್ಲಿ.

ಹಾಗಾದರೆ ಗೋಪುರದ ದುಡ್ಡು ಕಡಿಯಬೇಕೆ? ಕೆಲವು ಗೆಳೆಯರು ಹಾಗೇ ಅಂತಾರೆ. ಕಾಲಿಗೆ ಚಪ್ಪಲಿ ಇಲ್ಲದವರಿಗೆ ವಿಮಾನ ಯಾಕ್ರೀ ಅಂತಾರೆ. ನಾವು ಒಪ್ಪುವುದಿಲ್ಲ. ಗೋಪುರದಲ್ಲಿ ಉಳಿಸಿದ ಕಾಸು ಯಾರದೋ ಜೀವ ತೆಗೆಯುತ್ತದೆ. ಅಲ್ಲದೆ ಒಳ್ಳೆಯ ಸೌಲಭ್ಯವೆಲ್ಲ ಅವರಿಗಿರಲಿ, ನಮಗೆ ಬೇಡ ಎನ್ನುವುದು ನಮಗೆ ಅವರೇ ಕಲಿಸಿದ ಪಾಠ.

ನಮ್ಮ ಸಿಟ್ಟು ಬೇರೆ. ಗೋಪುರದ ವಿಷಯದಲ್ಲಿ ಸರ್ಕಾರ ಒಂದು ಮಾತು ಒಪ್ಪಿದೆ: ಸೇವೆ ಮೊದಲು, ಕಲೆಕ್ಷನ್ ಆಮೇಲೆ. ಅದೇ ಮಾತು ಚಿಂಚೋಳಿಯ ತಾಂಡಾಕ್ಕೆ ಬಸ್ಸು ಕೇಳಿದಾಗ ಎಲ್ಲಿ ಹೋಗುತ್ತದೆ? ಅಲ್ಲಿ ಕಲೆಕ್ಷನ್ ಇಲ್ಲ ಅಂತಾರೆ. ಹಳ್ಳಿ ಶಾಲೆಯಲ್ಲಿ ಮಕ್ಕಳ ತಲೆ ಎಣಿಸುತ್ತಾರೆ, ಕಡಿಮೆ ಇದ್ದರೆ ಬೇರೆ ಶಾಲೆಗೆ ಸೇರಿಸ್ರಿ ಅಂತಾರೆ. ಹಾಸ್ಟೆಲಿನಲ್ಲಿ ತಲೆ ಜಾಸ್ತಿ ಆದರೆ ಮಂಜೂರಾತಿ ಇಷ್ಟೇ ಅಂತಾರೆ. ಕಡಿಮೆ ಇದ್ದರೂ ನಮ್ಮದೇ ತಪ್ಪು, ಜಾಸ್ತಿ ಇದ್ದರೂ ನಮ್ಮದೇ ತಪ್ಪು!

ಇನ್ನು, ಆ ಗೋಪುರದಲ್ಲಿ ಕೂರುವವರು ಯಾರು? ಅದು ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರಿ, ಕೇಂದ್ರ ಸರ್ಕಾರದ್ದು. ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪಂಗಡಕ್ಕೆ 7.5 ಮೀಸಲು. 2020ರಲ್ಲಿ ಮಂಗಳೂರು ನಿಲ್ದಾಣ ಅದಾನಿ ಕೈಗೆ ಹೋದಾಗಲೂ ಗೋಪುರ ಪ್ರಾಧಿಕಾರದ ಬಳಿಯೇ ಉಳಿಯಿತು. ಅಂದರೆ ನಿಲ್ದಾಣ ಮಾರಿದರೂ ಮೀಸಲಾತಿ ಉಳಿಯುವ ಜಾಗ ಇದು. ಭೌತಶಾಸ್ತ್ರ, ಗಣಿತ ಓದಿದ ಬಿ.ಎಸ್ಸಿ. ಸಾಕು, ಇಲ್ಲವೇ ಇಂಜಿನಿಯರಿಂಗ್. ವಯಸ್ಸು 27, ನಮಗೆ ಇನ್ನೂ 5 ವರ್ಷ ರಿಯಾಯಿತಿ. ಆದರೆ ಇಂಗ್ಲಿಷ್ ಮಾತಾಡಬೇಕು, ಧ್ವನಿ ಪರೀಕ್ಷೆ ಇದೆ. 371ಜೆ ಇಲ್ಲಿ ಕೈ ಹಿಡಿಯುವುದಿಲ್ಲ, ಅದು ರಾಜ್ಯದ ನೌಕರಿಗೆ.

ವಾಡಿಯ ಸಿಮೆಂಟ್ ಧೂಳಿನಲ್ಲಿ, ಶಹಾಬಾದಿನ ಫರ್ಸಿ ಖಣಿಯಲ್ಲಿ ದುಡಿದವರ ಮಕ್ಕಳಿಗೆ ಈ ಪರೀಕ್ಷೆಯ ಹೆಸರು ಯಾರು ಹೇಳಿದ್ದಾರೆ? ನಿಲ್ದಾಣದ ನೆಲ ಒರೆಸುವ ಕೆಲಸಕ್ಕಾದರೆ ನಮ್ಮವರಿಗೆ ಯಾರೂ ಇಂಗ್ಲಿಷ್ ಕೇಳುವುದಿಲ್ಲ. ಸುದ್ದಿ ತಾನಾಗೇ ಓಣಿಗೆ ಬರುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಈ ಭಾಗದ ಹಿಂದುಳಿದಿರುವಿಕೆಯ ಹೆಸರಿನಲ್ಲಿ ಬರುತ್ತದೆ. ಅದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಹಾಸ್ಟೆಲುಗಳಲ್ಲಿ ಸಂಜೆ ಇಂಗ್ಲಿಷ್, ಗಣಿತ, ಭೌತಶಾಸ್ತ್ರದ ಪಾಠ ನಡೆಸಲಿ. ಹೇಳಿಕೊಡುವವರಿಗೆ ಸರಿಯಾದ ಪಗಾರ ಕೊಡಲಿ. ಮಕ್ಕಳು ನಾಲ್ಕೇ ಮಂದಿ ಬಂದರೂ ಪಾಠ ನಿಲ್ಲಬಾರದು. ಒಂದೇ ವಿಮಾನಕ್ಕೆ ಗೋಪುರ ತೆರೆದಿರುತ್ತದಲ್ಲ!

ಮುಂದಿನ ಸಭೆಗೆ ಬರುವಾಗ ನಿಮ್ಮ ಹಾಸ್ಟೆಲಿನಲ್ಲಿ ಬಿ.ಎಸ್ಸಿ. ಓದುವವರು ಎಷ್ಟು, ಅದರಲ್ಲಿ ಭೌತಶಾಸ್ತ್ರ ಗಣಿತ ತಗೊಂಡವರು ಎಷ್ಟು, ಹುಡುಗಿಯರು ಎಷ್ಟು, ಬರೆದು ತರ್ರಿ. ಮನವಿಯ ಜೊತೆ ಆ ಪಟ್ಟಿಯನ್ನೂ ಮಂಡಳಿಯ ಕಚೇರಿಗೆ ಒಯ್ಯುತ್ತೇವೆ.