ಹೆಸರಿಗೆ ಮೊದಲು ಸಂಬಂಧ

ಫಿಲಿಪ್ಪೀನ್ಸ್ ದೇಶವು ಕಾಸರಗೋಡಿನ ಮನೆಗಳಿಗೆ ಈಗ ತೀರ ಅಪರಿಚಿತವಲ್ಲ. ಗಲ್ಫಿನ ಆಸ್ಪತ್ರೆ, ಅಂಗಡಿ, ಕಛೇರಿಗಳಲ್ಲಿ ದುಡಿಯುವವರಿಗೆ ಆ ನಾಡಿನವರು ಸಹೋದ್ಯೋಗಿಗಳು. ವೈದ್ಯಶಿಕ್ಷಣಕ್ಕಾಗಿ ಮನಿಲಾ, ದಾವಾವೊ ನಗರಗಳಿಗೆ ತೆರಳುವ ಭಾರತೀಯ ವಿದ್ಯಾರ್ಥಿಗಳೂ ಇದ್ದಾರೆ. ಇಂಗ್ಲಿಷ್ ಅಲ್ಲಿ ಆಡಳಿತ ಭಾಷೆಗಳಲ್ಲೊಂದು. ಅದನ್ನು ಬಲ್ಲ ಮಗುವಿಗೆ ತೊಡಕಿಲ್ಲವೆಂದು ಹೆತ್ತವರು ನೆಮ್ಮದಿಪಡುವುದು ಸಹಜ. ವ್ಯವಹಾರಕ್ಕೆ ಇಂಗ್ಲಿಷ್ ಸಾಕು; ಆದರೆ ಮನೆಯೊಳಗೆ ಕರೆದು ಉಣಬಡಿಸುವಂತಹ ಸ್ನೇಹಕ್ಕೆ ಸಾಲದು. ಹಿರಿಯರನ್ನು ಬರಿಯ ಹೆಸರು ಹಿಡಿದು ಕರೆಯುವುದನ್ನು ಆ ಸಮಾಜವು ಅವಿನಯವೆಂದೇ ಭಾವಿಸುತ್ತದೆ.

ಅಲ್ಲಿ ಸಂಬಂಧವಾಚಕಗಳು ರಕ್ತಸಂಬಂಧಕ್ಕೆ ಮಾತ್ರ ಮೀಸಲಲ್ಲ. ತನಗಿಂತ ಸ್ವಲ್ಪ ಹಿರಿಯನಾದವನು ‘ಕೂಯ’, ಅಂದರೆ ಅಣ್ಣ. ಹಿರಿಯಳು ‘ಆತೆ’, ಅಂದರೆ ಅಕ್ಕ. ಬಸ್ಸಿನ ಚಾಲಕ, ಅಂಗಡಿಯಾಕೆ, ಮೇಲಿನ ತರಗತಿಯ ವಿದ್ಯಾರ್ಥಿ, ಎಲ್ಲರಿಗೂ ಇವು ಸಲ್ಲುತ್ತವೆ. ಸ್ನೇಹಿತನ ತಂದೆತಾಯಿಗಳು ‘ತೀತೊ’, ‘ತೀತ’. ಅಜ್ಜ ಅಜ್ಜಿಯರು ‘ಲೋಲೊ’, ‘ಲೋಲ’. ಕೂಯ, ಆತೆ ಎಂಬವು ಚೀನೀ ವರ್ತಕರ ಹೊಕ್ಕಿಯೆನ್ ನುಡಿಯಿಂದ ಬಂದವು. ತೀತೊ, ತೀತ ಸ್ಪ್ಯಾನಿಷ್ ಮೂಲದವು. ಪರಭಾಷೆಯ ಪದಗಳು ಬಂದರೂ ಅವನ್ನು ಬಳಸುವ ಕ್ರಮವು ಆ ನಾಡಿನದೇ ಆಗಿ ಉಳಿದಿದೆ.

ರಾಜಧಾನಿಯ ಸುತ್ತಣ ಭಾಷೆಯಾದ ತಗಾಲೊಗ್‌ನಲ್ಲಿ ‘ಪೊ’ ಎಂಬ ಪುಟ್ಟ ಪದವೊಂದಿದೆ. ವಾಕ್ಯದಲ್ಲಿ ಅದನ್ನು ಸೇರಿಸಿದೊಡನೆ ಮಾತಿಗೆ ಗೌರವ ಬರುತ್ತದೆ. ಹಿರಿಯರಿಗೆ ‘ಹೌದು’ ಎನ್ನುವಾಗ ‘ಓಪೊ’ ಎನ್ನಬೇಕು. ‘ನೀನು’ ಎಂಬುದರ ಸ್ಥಾನದಲ್ಲಿ ಬಹುವಚನದ ‘ಕಯೊ’ ಬರುತ್ತದೆ. ಇದು ಕನ್ನಡದ ‘ನೀವು’ ಮಾಡುವ ಕೆಲಸವನ್ನೇ ಮಾಡುತ್ತದೆ. ಆದರೆ ಅತಿಯಾದರೆ ಇದೂ ಸಲ್ಲದು. ಸಮವಯಸ್ಕಳಿಗೆ ‘ಪೊ’ ಎಂದರೆ, ತನ್ನನ್ನು ಮುದುಕಿಯಾಗಿಸಿದರೆಂದು ಆಕೆ ನಕ್ಕು ತಡೆಯಬಹುದು.

ಇನ್ನೊಂದು ವಿಶೇಷವೆಂದರೆ ವೃತ್ತಿಯೇ ಬಿರುದಾಗುವುದು. ವೈದ್ಯರನ್ನು ‘ಡಾಕ್’ ಎನ್ನುವಂತೆ ವಕೀಲರನ್ನು ‘ಅಟಾರ್ನಿ’ ಎಂದೂ ಎಂಜಿನಿಯರರನ್ನು ‘ಎಂಜಿನಿಯರ್’ ಎಂದೂ ಹೆಸರಿಗೆ ಮೊದಲು ಸೇರಿಸಿ ಕರೆಯುತ್ತಾರೆ. ಓದಿ ಪಡೆದ ಅರ್ಹತೆಗೆ ಸಲ್ಲುವ ಮರ್ಯಾದೆಯದು. ಅದನ್ನು ಬಿಟ್ಟರೆ ಕೊರತೆ ತೋರುತ್ತದೆ. ಕಛೇರಿಯಲ್ಲಿ ‘ಸರ್’, ‘ಮ್ಯಾಮ್’ ಎಂಬವುಗಳೊಡನೆ ಮೊದಲ ಹೆಸರನ್ನೇ ಜೋಡಿಸುವುದು ವಾಡಿಕೆ. ‘ಲತಾ ಟೀಚರ್’ ಎಂದು ಕರೆದು ಬೆಳೆದ ಮಗುವಿಗೆ ಇದು ಹೊಸತೆನಿಸದು.

ಗೌರವವು ಮಾತಿಗಷ್ಟೇ ಸೀಮಿತವಲ್ಲ. ಕಿರಿಯನು ‘ಮಾನೊ ಪೊ’ ಎಂದು ಹಿರಿಯರ ಕೈಯನ್ನು ಹಿಡಿದು ಬಾಗಿ ತನ್ನ ಹಣೆಗೆ ತಾಗಿಸಿಕೊಳ್ಳುತ್ತಾನೆ; ಹಿರಿಯರು ಹರಸುತ್ತಾರೆ. ಕಾಲಿಗೆರಗುವ ಕನ್ನಡಿಗರ ಪದ್ಧತಿಗೆ ಇದು ಹತ್ತಿರದ ಬಂಧು. ಮಾತನಾಡುತ್ತಿರುವ ಇಬ್ಬರ ನಡುವೆ ಹಾಯಬೇಕಾದಾಗ ತಲೆ ತಗ್ಗಿಸಿ ಕೈ ಮುಂದೆ ಚಾಚಿ ಸಾಗುವರು. ಬೆರಳು ಮಡಚಿ ಯಾರನ್ನಾದರೂ ಕರೆಯುವುದು ಅವಮಾನಕರ. ಅಂಗೈಯನ್ನು ಕೆಳಮುಖವಾಗಿಸಿ ಕರೆಯಬೇಕು.

ಏಳು ಸಾವಿರಕ್ಕೂ ಮಿಕ್ಕ ದ್ವೀಪಗಳ ಆ ದೇಶದಲ್ಲಿ ಕ್ರಮವು ಎಲ್ಲೆಡೆ ಒಂದೇ ಅಲ್ಲ. ದಾವಾವೊದಲ್ಲಿ ಹೆಚ್ಚಾಗಿ ಕೇಳಿಬರುವ ಸೆಬುವಾನೊ ಭಾಷೆಗೆ ‘ಪೊ’ ಸಹಜವಲ್ಲ. ಅಲ್ಲಿ ಧ್ವನಿಯ ಮೃದುತ್ವವೂ ಸಂಬಂಧವಾಚಕವೂ ವಿನಯವನ್ನು ಹೊರುತ್ತವೆ. ಉತ್ತರದ ಇಲೊಕಾನೊ ಸೀಮೆಯಲ್ಲಿ ಅಣ್ಣ ಅಕ್ಕಂದಿರು ‘ಮನೊಂಗ್’, ‘ಮನಂಗ್’. ಆದುದರಿಂದ ಪರದೇಶಿಯು ಮೊದಲು ಕಿವಿಗೊಟ್ಟು ಆಲಿಸುವುದು, ಸಂದೇಹವಿದ್ದರೆ ‘ತಮ್ಮನ್ನು ಹೇಗೆ ಕರೆಯಲಿ?’ ಎಂದು ಕೇಳುವುದು ಲೇಸು. ಅಂತಹ ಪ್ರಶ್ನೆಯನ್ನು ಯಾರೂ ತಪ್ಪೆಣಿಸುವುದಿಲ್ಲ.

ಗಡಿನಾಡಿನ ಮಗುವಿಗೆ ಈ ವಿದ್ಯೆಯ ಬಹುಪಾಲು ಮನೆಯಲ್ಲಿಯೇ ದೊರೆತಿರುತ್ತದೆ. ಕನ್ನಡದಲ್ಲಿ ‘ಅಣ್ಣ’, ತುಳುವಿನಲ್ಲಿ ‘ಅಣ್ಣೆ’, ಮಲಯಾಳದಲ್ಲಿ ‘ಚೇಟ್ಟ’ ಎಂದು ಆಳರಿತು ನಾಲಗೆ ಬದಲಿಸುವ ಮಗುವಿಗೆ ‘ಕೂಯ’ ನಾಲ್ಕನೆಯ ಪದವಷ್ಟೆ. ಇಂಗ್ಲಿಷಿನ ‘ಯೂ’ ಹಿರಿಯರನ್ನೂ ಕಿರಿಯರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅದೊಂದನ್ನೇ ಕಲಿತು ಬೆಳೆದವರು ಈ ಭೇದವನ್ನು ಮೊದಲಿನಿಂದ ಅಭ್ಯಸಿಸಬೇಕು. ಕನ್ನಡ ಶಾಲೆಗೆ ಕಳುಹಿಸಿದರೆ ಮಗು ಹೊರನಾಡಿನಲ್ಲಿ ಹಿಂದುಳಿದೀತೆಂದು ಅಳುಕುವ ಹೆತ್ತವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಜ್ಜಿಯೊಡನೆ ‘ನೀವು’ ಎಂದು ಮಾತನಾಡಿ ಬೆಳೆದ ಮಗು, ‘ಕಯೊ’ ಎಂಬ ಪದವನ್ನು ಕೇಳಿದ ದಿನವೇ ಅದರ ಬಳಕೆಯನ್ನು ಅರಿತುಕೊಂಡೀತು.