ಒಂದು ಡಿಶ್, ಎರಡು ಟಿವಿ
ಅಮೆರಿಕದ ಮೋಟರ್ ಹೋಮ್‌ಗಳಲ್ಲಿ ಕೂರುವ ಜಾಗಕ್ಕೊಂದು, ಮಲಗುವ ಕೋಣೆಗೊಂದು ಟಿವಿ ಇರುವುದು ಸಾಮಾನ್ಯ. ಚಾವಣಿಯ ಡಿಶ್‌ನಿಂದ ಇಳಿಯುವ ಒಂದೇ ಕೇಬಲ್‌ಗೆ ಸ್ಪ್ಲಿಟರ್ ಹಾಕಿ ಎರಡು ಸೆಟ್‌ಟಾಪ್ ಬಾಕ್ಸ್‌ಗೆ ಹಂಚಿದರಾಯಿತು ಎಂದುಕೊಂಡವರಿಗೆ ನಿರಾಸೆ ಕಾದಿರುತ್ತದೆ. ಬಾಕ್ಸ್ ಸುಮ್ಮನೆ ಸಿಗ್ನಲ್ ಪಡೆಯುವುದಿಲ್ಲ. ಅದೇ ತಂತಿಯಲ್ಲಿ, ಡಿಶ್‌ನಲ್ಲಿ ಸಿಗ್ನಲ್ ಹಿಡಿಯುವ ಭಾಗವಾದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸಿ, ತನಗೆ ಯಾವ ಗುಂಪಿನ ಚಾನೆಲ್ ಬೇಕೆಂದು ಹೇಳುತ್ತದೆ. ಒಂದು ಬಾಕ್ಸ್ 13 ಕೇಳಿ ಇನ್ನೊಂದು 18 ಕೇಳಿದರೆ? ಒಂದು ಪರದೆ ಕಪ್ಪು. ಆದ್ದರಿಂದ ಎರಡು ಔಟ್‌ಪುಟ್‌ಗಳ ಎಲ್‌ಎನ್‌ಬಿಯನ್ನೇ ಕೊಳ್ಳಿ, ಬಾಕ್ಸಿಗೊಂದು ಕೇಬಲ್ ಎಳೆಸಿ. ಎರಡೂ ಕಡೆ ಒಂದೇ ಕಾರ್ಯಕ್ರಮ ಸಾಕೆನ್ನುವವರಿಗೆ ಒಂದು ಬಾಕ್ಸ್, ಒಂದು ಎಚ್‌ಡಿಎಂಐ ಸ್ಪ್ಲಿಟರ್ ಧಾರಾಳ. ಗಾಡಿ ನಿಲ್ಲಿಸುವ ಮೊದಲು ದಕ್ಷಿಣದ ಆಕಾಶ ನೋಡಿಕೊಳ್ಳಿ. ಉಪಗ್ರಹವಿರುವುದು ಸಮಭಾಜಕ ವೃತ್ತದ ಮೇಲೆ, 35,786 ಕಿ.ಮೀ. ಎತ್ತರದಲ್ಲಿ, ಪೈನ್ ಮರ ಅಡ್ಡವಿದ್ದರೆ ಗಾಡಿಯನ್ನೇ ಸರಿಸಬೇಕು.