ಸೋತ ಮೋಟಾರಿನ ಬೆಲೆ

ಎರಡನೆಯ ಮಹಾಯುದ್ಧದ ತರುವಾಯ ಯೂರೋಪಿನಲ್ಲಿ ನಿರ್ಮಾಣಗೊಂಡ, ಇಬ್ಬರಷ್ಟೇ ಕೂರಬಹುದಾದ, ಮಾಡಿಲ್ಲದ ವೇಗದ ಮೋಟಾರುಗಳು, ರೋಡ್‌ಸ್ಟರ್‌ಗಳೆಂದು ಬಲ್ಲವರು ಕರೆಯುವ ಆ ಗಾಡಿಗಳು, ಹರಾಜಿನಲ್ಲಿ ಇಷ್ಟು ಕೋಟಿಗೆ ಹೋದುವೆಂಬ ವರ್ತಮಾನವು ಆಗಾಗ ಪತ್ರಿಕೆಗಳಲ್ಲಿ ಬರುವುದುಂಟು. ಅದನ್ನು ಓದಿದವರು, ಅಷ್ಟೊಂದು ದ್ರವ್ಯವನ್ನು ಸೆಳೆದ ಯಂತ್ರವು ತನ್ನ ಕಾಲದಲ್ಲಿಯೂ ಅಷ್ಟೇ ಶ್ರೇಷ್ಠವೆನಿಸಿದ್ದಿರಬೇಕೆಂದು ಊಹಿಸುವುದು ಸಹಜವೇ. ಆ ಊಹೆ ಬಹುಮಟ್ಟಿಗೆ ನಿರಾಧಾರವೆಂದು ನನ್ನ ಅಭಿಪ್ರಾಯ. ಹರಾಜಿನ ಕೂಗು ಏರುವುದು ವಿರಳತೆಯನ್ನು ಕಂಡು. ಆ ವಿರಳತೆಯಾದರೋ ಅನೇಕ ವೇಳೆ ಸೋಲಿನ ಸಂತಾನ.

ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯ 507 ಎಂಬ ಮಾದರಿಯ ಕಥೆಯನ್ನೇ ನೋಡಬಹುದು. ಸುಮಾರು 5,000 ಡಾಲರಿಗೆ ಇಂಥದೊಂದು ಗಾಡಿ ದೊರೆಯುವುದಾದರೆ ಅಮೆರಿಕದವರು ಸಾವಿರಗಟ್ಟಲೆ ಕೊಂಡಾರೆಂದು ನ್ಯೂಯಾರ್ಕಿನ ಆಮದು ವರ್ತಕರಾದ ಮ್ಯಾಕ್ಸ್ ಹಾಫ್‌ಮನ್ನರು ಸಂಸ್ಥೆಯವರನ್ನು ಪ್ರೇರಿಸಿದರು; ಆಲ್ಬ್ರೆಕ್ಟ್ ಗೋರ್ಟ್ಸರು ಅದಕ್ಕೆ ಇಂದಿಗೂ ಕಣ್ಣಿಗೆ ಹಬ್ಬವಾಗಿರುವ ಆಕಾರವನ್ನು ಕಲ್ಪಿಸಿಕೊಟ್ಟರು; ಎಂಟು ಸಿಲಿಂಡರಿನ ಇಂಜಿನನ್ನು ಅದರೊಳಗಿಟ್ಟದ್ದಾಯಿತು. ಆದರೆ ಅಲ್ಯೂಮಿನಿಯಂ ತಗಡನ್ನು ಕೈಯಿಂದಲೇ ಬಡಿದು ರೂಪಿಸಬೇಕಾಗಿದ್ದುದರಿಂದ, ಒಂದು ಗಾಡಿಯ ಗಟ್ಟಿ ಮಾಡು ಇನ್ನೊಂದಕ್ಕೆ ಸರಿಯಾಗಿ ಕೂರದಂಥ ಅವಸ್ಥೆಯೊದಗಿ, ಖರ್ಚು ಬೆಳೆದು, ಬೆಲೆಯು ಹಾಫ್‌ಮನ್ನರ ಲೆಕ್ಕದ ಸುಮಾರು ಇಮ್ಮಡಿಗೆ ಹೋಯಿತು. 1956ರಿಂದ 1959ರವರೆಗೆ ತಯಾರಾದವು 252 ಮಾತ್ರ. ಸಂಸ್ಥೆಯ ಆಗಿನ ದುರ್ದಶೆಗೆ ಇದೊಂದೇ ಕಾರಣವಲ್ಲವಾದರೂ, ಅದೇ 1959ರ ಡಿಸೆಂಬರಿನಲ್ಲಿ ಬಿ.ಎಂ.ಡಬ್ಲ್ಯು. ತನ್ನ ಪ್ರತಿಸ್ಪರ್ಧಿಯಾದ ಡೈಮ್ಲರ್-ಬೆನ್ಜ್ ವಶವಾಗುವುದರಿಂದ ಕೂದಲೆಳೆಯಷ್ಟರಲ್ಲಿ ಪಾರಾಯಿತೆಂಬುದನ್ನು ನೆನೆದರೆ, ಆ ಸುಂದರ ವಾಹನವು ತನ್ನ ಒಡೆಯರಿಗೆ ಎಷ್ಟು ದುಬಾರಿಯಾಯಿತೆಂಬುದು ತಿಳಿದೀತು.

ಅಂಥ 507 ಒಂದು 2018ರ ಜುಲೈಯಲ್ಲಿ, ಗುಡ್‌ವುಡ್‌ನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ, 38 ಲಕ್ಷ ಪೌಂಡಿಗೆ ಮಾರಾಟವಾಯಿತು. (ಇಂಥ ಮೊತ್ತಗಳಲ್ಲಿ ಕೊಂಡವನು ಹರಾಜಿನವರಿಗೆ ತೆರುವ ಕಮಿಷನ್ನೂ ಸೇರಿರುತ್ತದೆ, ಸುದ್ದಿ ಬರೆಯುವವರು ಅದನ್ನು ಹೇಳುವುದು ಅಪರೂಪ.) ಅದು ಜಾನ್ ಸರ್ಟೀಸರ ಗಾಡಿ. ಎರಡು ಚಕ್ರದ ಮೇಲೆಯೂ ನಾಲ್ಕು ಚಕ್ರದ ಮೇಲೆಯೂ ವಿಶ್ವವಿಜೇತರಾದ ಏಕೈಕ ಪುರುಷರಾದ ಅವರು, 1957ರಲ್ಲಿ ಹೊಸದಾಗಿ ಪಡೆದ ಅದನ್ನು 2017ರಲ್ಲಿ ತೀರಿಕೊಳ್ಳುವವರೆಗೂ ಕೈಬಿಟ್ಟವರಲ್ಲ. ಮುಂದಿನ ಚಕ್ರಗಳ ಬ್ರೇಕು ಸಾಲದೆಂದು ಡನ್‌ಲಪ್‌ನವರ ನೆರವಿನಿಂದ ಡಿಸ್ಕ್ ಬ್ರೇಕುಗಳನ್ನು ಜೋಡಿಸಿಕೊಂಡಿದ್ದರು. ಅನಾಮಧೇಯನೊಬ್ಬನು ಅದೇ ಕೆಲಸವನ್ನು ಮಾಡಿದ್ದರೆ, ಮೂಲಸ್ಥಿತಿಗೆ ಭಂಗ ತಂದನೆಂದು ಪರೀಕ್ಷಕರು ಮುಖ ಸಿಂಡರಿಸಿ ಬೆಲೆಯನ್ನು ಇಳಿಸುತ್ತಿದ್ದರು.

ಜಾಗ್ವಾರ್ ಎಕ್ಸ್‌ಕೆ 120ರ ವಿಷಯವೂ ಇದಕ್ಕೆ ಸಮೀಪದ್ದು. 1948ರ ಲಂಡನ್ ಪ್ರದರ್ಶನದಲ್ಲಿ ವಿಲಿಯಂ ಲಯನ್ಸರು ಅದನ್ನು ತಂದಿಟ್ಟದ್ದು ಮುಖ್ಯವಾಗಿ ತಮ್ಮ ಹೊಸ ಇಂಜಿನಿನ ಪ್ರಚಾರಕ್ಕಾಗಿ. ಕೆಲವು ನೂರು ಗಾಡಿಗಳಾದರೆ ಸಾಕೆಂದು, ಮರದ ಚೌಕಟ್ಟಿಗೆ ಅಲ್ಯೂಮಿನಿಯಂ ಹೊದಿಸಿ ಸುಮಾರು 240 ಮಾಡಿಸುವಷ್ಟರಲ್ಲಿ ಬೇಡಿಕೆ ತಡೆಯಲಾರದಷ್ಟಾಗಿ, 1950ರಿಂದ ಉಕ್ಕಿನ ಒಡಲಿಗೆ ತಿರುಗಬೇಕಾಯಿತು. ಸಾವಿರಾರು ಮಂದಿಗೆ ಒದಗಿದ ಉಕ್ಕಿನ ಗಾಡಿಗಿಂತ, ತಾತ್ಕಾಲಿಕ ಏರ್ಪಾಡಾಗಿದ್ದ ಅಲ್ಯೂಮಿನಿಯಂ ಗಾಡಿಗೇ ಇಂದು ಬಹಳ ಹೆಚ್ಚಿನ ಬೆಲೆ.

ಇಷ್ಟರವರೆಗೆ ನಗಬಹುದು. ನಗಲಾಗದ ಸಂಗತಿಯೊಂದಿದೆ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ, ಲ್ಯಾನ್ಸ್ ಮ್ಯಾಕ್ಲಿನ್ನರು ನಡೆಸುತ್ತಿದ್ದ ಆಸ್ಟಿನ್-ಹೀಲಿ ರೋಡ್‌ಸ್ಟರಿನ ಹಿಂಭಾಗವನ್ನೇರಿ ಚಿಮ್ಮಿದ ಪಿಯೆರ್ ಲೆವೆಯ ಮರ್ಸಿಡಿಸ್ ಗಾಡಿಯು ಪ್ರೇಕ್ಷಕರ ನಡುವೆ ಸಿಡಿದು, ಲೆವೆಯೂ ಸೇರಿದಂತೆ 80ಕ್ಕೂ ಹೆಚ್ಚು ಮಂದಿ ಪ್ರಾಣ ನೀಗಿದರು. ಮ್ಯಾಕ್ಲಿನ್ನರು ಬದುಕಿದರು, ಅವರ ಗಾಡಿಯೂ ಉಳಿಯಿತು. ದುರಸ್ತಿಯಾಗಿ, ಕೈ ಬದಲಾಯಿಸಿ, ಬಹುಕಾಲ ಕೊಟ್ಟಿಗೆಯೊಂದರಲ್ಲಿ ಧೂಳು ತಿನ್ನುತ್ತಿದ್ದ ಅದು 2011ರ ಡಿಸೆಂಬರಿನಲ್ಲಿ, ಜೀರ್ಣೋದ್ಧಾರವಿಲ್ಲದೆ ಇದ್ದ ಹಾಗೆಯೇ ಹರಾಜಿಗೆ ಬಂದು, 8,43,000 ಪೌಂಡಿಗೆ ಹೋಯಿತು. ಆ ಗಾಡಿಯು ಪಂದ್ಯಕ್ಕೆಂದೇ ಸಿದ್ಧಪಡಿಸಿದ ವಿಶೇಷ ಗಾಡಿಗಳಲ್ಲೊಂದು, ಆದುದರಿಂದ ಹೇಗೂ ಬೆಲೆಯುಳ್ಳದ್ದು ಎಂದು ಸಮಾಧಾನ ಹೇಳುವವರಿದ್ದಾರೆ. ಒಪ್ಪಿದೆ. ಆದರೆ ಅಂದು ಆ ಅಪಘಾತವಾಗದಿದ್ದರೆ ಕೂಗು ಅಲ್ಲಿಯವರೆಗೆ ಏರುತ್ತಿತ್ತೆಂದು ನನಗೆ ತೋರುವುದಿಲ್ಲ. ಕೊಂಡವರನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಸಾಕ್ಷಿವಸ್ತುವನ್ನು ಕಾಪಾಡುವವರೂ ಬೇಕು. ಆದರೆ ಮೃತರ ಸಂಖ್ಯೆಯು ವಸ್ತುವಿನ ಮೌಲ್ಯಕ್ಕೆ ಕೂಡಿಸತಕ್ಕ ಅಂಶವಾಗುವುದನ್ನು ಪತ್ರಿಕೆಗಳು ದಾಖಲೆಯ ಬೆಲೆಯೆಂದು ಹಿಗ್ಗಿನಿಂದ ವರದಿ ಮಾಡುವುದು ನನಗೆ ಸಹ್ಯವಲ್ಲ.

ಬೆಲೆಯೇರದಿದ್ದರೆ ಈ ಗಾಡಿಗಳು ಗುಜರಿಯ ಪಾಲಾಗುತ್ತಿದ್ದವೆಂಬ ವಾದದಲ್ಲಿ ಸತ್ಯಾಂಶವುಂಟು. ಅತಿಯಾದ ಬೆಲೆಯೇ ಕೃತ್ರಿಮವನ್ನೂ ಹುಟ್ಟಿಸುತ್ತದೆಂಬುದು ಅಷ್ಟೇ ಸತ್ಯ: ಒಂದೇ ಷಾಸಿ ಸಂಖ್ಯೆಯು ತನ್ನದೆಂದು ಎರಡು ಗಾಡಿಗಳು ವಾದಿಸಿದ ಪ್ರಸಂಗಗಳು ಈ ವ್ಯಾಪಾರದಲ್ಲಿ ಹೊಸವಲ್ಲ.

ಹಾಗಾದರೆ ಗೆದ್ದ ಗಾಡಿಗಳ ಗತಿಯೇನು? ಎಂ.ಜಿ.ಯವರ ಎಂಜಿಎ ಲಕ್ಷಕ್ಕೂ ಮೀರಿ ತಯಾರಾಯಿತು. ಅದರ ಉತ್ತರಾಧಿಕಾರಿಯಾದ ಎಂಜಿಬಿ, 1962ರಿಂದ 1980ರವರೆಗೆ, ಮಾಡುಳ್ಳ ಮಾದರಿಗಳೂ ಸೇರಿ, ಐದು ಲಕ್ಷವನ್ನು ದಾಟಿತು. ಮಧ್ಯಮವರ್ಗದ ತರುಣರು ಸಂಬಳದ ಹಣದಲ್ಲಿ ಕೊಂಡು, ಮನೆಯಂಗಳದಲ್ಲಿ ತಾವೇ ಬಿಚ್ಚಿ ಜೋಡಿಸಿ, ಮಳೆಗಾಲದಲ್ಲಿ ನೆನೆಸಿ, ತುಕ್ಕು ಹಿಡಿಸಿ, ಮತ್ತೆ ಸರಿಮಾಡಿಕೊಂಡು ಓಡಿಸಿದ ಗಾಡಿಗಳಿವು. ಇವುಗಳ ಮಾರಾಟವು ಸುದ್ದಿಯಾಗುವುದಿಲ್ಲ. ಆದರೆ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯವರು 1988ರಿಂದ ಹಳೆಯ ಅಚ್ಚುಗಳಲ್ಲಿಯೇ ಎಂಜಿಬಿಯ ಹೊಸ ಒಡಲುಗಳನ್ನು ಒತ್ತಿಸಿ ಮಾರತೊಡಗಿದರು. ಅಂಥದೊಂದಕ್ಕೆ ತನ್ನ ಹಳೆಯ ಇಂಜಿನನ್ನು ಕೂರಿಸಿಕೊಂಡವನ ಗಾಡಿಯು, ಅಸಲಿನದಲ್ಲವೆಂದು ಹರಾಜಿನ ಪರೀಕ್ಷಕನಿಂದ ಅನಾದರಕ್ಕೆ ಪಾತ್ರವಾದರೂ, ನಾಳೆ ಬೆಳಗ್ಗೆ ಕಚೇರಿಗೆ ಹೊರಡಲು ಸಿದ್ಧವಾಗಿರುತ್ತದೆ. ಕೈಯಲ್ಲಿ ಹಣವಿದ್ದು ಆಯ್ಕೆಯೂ ನನ್ನದೇ ಆಗಿದ್ದರೆ ನಾನು ವಿಚಾರಿಸುವುದು ಅದನ್ನು.